ನಾನು ಬರೆದ ಗ್ರೂಪ್ ಸರಿಯಾಗಿತ್ತು

ಹೆರಿಗೆ ವಾರ್ಡಿನ ಸಿಸ್ಟರ್ ಲ್ಯಾಬಿನ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಬಂದು ರಕ್ತದ ಚೀಲವನ್ನು ನನ್ನ ಮೇಜಿನ ಮೇಲೆ ಇಟ್ಟರು. ಇಟ್ಟರು ಅನ್ನುವುದಕ್ಕಿಂತ ಕುಕ್ಕಿದರು ಅನ್ನಬೇಕು. ಚೀಲದಲ್ಲಿ ಇನ್ನೂ ಮುಕ್ಕಾಲು ಪಾಲು ರಕ್ತ ಹಾಗೇ ಇತ್ತು.

"ಏನಮ್ಮಾ, ಯಾವ ಗ್ರೂಪ್ ಕೊಟ್ಟಿದ್ದೀಯ ನೀನು? ಆ ಹುಡುಗಿಗೆ ಚಳಿ ಹತ್ಕಂಡು ಮಂಚಾನೇ ಅಲ್ಲಾಡ್ತೈತೆ. ಸೊಂಟ ಸೊಂಟ ಅಂತ ಕಿರುಚ್ತಾವ್ಳೆ. ಯೂರಿನ್ ನೋಡಿದ್ರೆ ಕಾಫಿ ಡಿಕಾಕ್ಷನ್ ಇದ್ದಂಗೈತೆ. ಡಾಕ್ಟ್ರು ನಿಲ್ಲಿಸ್ಬುಟ್ರು."

"ಬಿ ಪಾಸಿಟಿವ್ ಕೊಟ್ಟಿದ್ದೀನಿ ಸಿಸ್ಟರ್. ಅವರದೂ ಬಿ ಪಾಸಿಟಿವ್," ಅಂದೆ.

"ಅದನ್ನ ದೊಡ್ಡ ಡಾಕ್ಟ್ರ ಮುಂದೆ ಹೇಳು," ಅಂದು ಹೋದರು. ಕನಕಪುರದ ಕಡೆಯ ಹೆಂಗಸು. ಒಳ್ಳೆಯವರೇ. ಹೆದರಿದಾಗ ಮಾತ್ರ ಬಾಯಿ ಜೋರು.

ರಾಮನಗರ ಜಿಲ್ಲೆಯಾದ ಹೊಸದು ಅದು. ಬಿಡದಿಯ ಕಡೆ ಹೊಲಗಳಿದ್ದ ಜಾಗದಲ್ಲೆಲ್ಲ ಕಾರ್ಖಾನೆಯ ಕಾಂಪೌಂಡುಗಳು ಎದ್ದಿದ್ದವು. ನಾನು ಕೆಲಸಕ್ಕಿದ್ದ ಖಾಸಗಿ ಆಸ್ಪತ್ರೆಯವರು ಅಂಥದ್ದೊಂದು ಕಾರ್ಖಾನೆಯ ಕಾರ್ಮಿಕರ ಚಿಕಿತ್ಸೆಯ ಗುತ್ತಿಗೆ ಹಿಡಿಯಲು ಓಡಾಡುತ್ತಿದ್ದರು. ಕಾರ್ಖಾನೆಯ ಕಡೆಯಿಂದ ಆಸ್ಪತ್ರೆ ನೋಡಲು ಅದೇ ವಾರ ಜನ ಬರುವವರಿದ್ದರು. ಗೋಡೆಗೆ ಸುಣ್ಣ ಬಳಿದಿದ್ದರು, ನಮಗೆಲ್ಲ ಹೊಸ ಬಿಳಿ ಕೋಟು ಹೊಲಿಸಿದ್ದರು. ಅಂಥ ವಾರದಲ್ಲಿ ಬಾಣಂತಿಯೊಬ್ಬಳಿಗೆ ರಕ್ತ ಕೊಟ್ಟು ಹೀಗಾಗಿದೆ.

ಲ್ಯಾಬಿನಲ್ಲಿ ಇದ್ದವರು ನಾವಿಬ್ಬರೇ. ಒಬ್ಬರು ಚನ್ನಪಟ್ಟಣದಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ಹಿರಿಯ ಟೆಕ್ನಿಷಿಯನ್. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಹತ್ತನೇ ಕ್ಲಾಸು ಮುಗಿಸಿ, ಕೈಯಲ್ಲೇ ಕೆಲಸ ಕಲಿತವರು. ಇನ್ನೊಬ್ಬಳು ನಾನು. ಕುದೂರಿನಿಂದ ಇನ್ನೂ ಒಳಗೆ, ಬಸ್ಸು ತಿರುಗಿಕೊಂಡು ಹೋಗುವ ಹಳ್ಳಿಯವಳು. ಬಿ.ಎಸ್ಸಿ. ಮಾಡಿ, ಮೇಲೆ ಲ್ಯಾಬಿನ ಡಿಪ್ಲೊಮಾ ಮಾಡಿದವಳು. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಹೈಸ್ಕೂಲು ದಾಟಿರಲಿಲ್ಲ. ಅಪ್ಪ ಅಮ್ಮ ಇಬ್ಬರದೂ ಹೆಬ್ಬೆಟ್ಟು. ಡಿಗ್ರಿ ಸರ್ಟಿಫಿಕೇಟು ಬಂದ ದಿನ ಅಪ್ಪ ಅದನ್ನು ಮುಟ್ಟುವ ಮೊದಲು ಕೈ ತೊಳೆದುಕೊಂಡು ಬಂದಿದ್ದರು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನಾನು ಸಹಿ ಹಾಕುವಾಗ ಒಂದು ಗಳಿಗೆ ನಿಂತು ಹಾಕುತ್ತೇನೆ. ಅವತ್ತೂ ಹಾಗೆಯೇ ಹಾಕಿದ್ದೆ. ಕ್ರಾಸ್ ಮ್ಯಾಚ್ ಫಾರಮ್ಮಿನಲ್ಲಿ, ಅಂದರೆ ರೋಗಿಯ ರಕ್ತಕ್ಕೂ ಚೀಲದ ರಕ್ತಕ್ಕೂ ಹೊಂದಿಕೆಯಾಗುತ್ತದೆ ಎಂದು ಬರೆದುಕೊಡುವ ಕಾಗದದಲ್ಲಿ, ನನ್ನ ಸಹಿಯೇ ಇತ್ತು.

ದೊಡ್ಡ ಡಾಕ್ಟರು ಐದೇ ನಿಮಿಷಕ್ಕೆ ಬಂದರು. ಆಸ್ಪತ್ರೆ ಅವರದೇ. ಕೂರಲಿಲ್ಲ.

"ಗೇಟಿನ ಹತ್ರ ಅವರ ಕಡೆಯವ್ರು ಹತ್ತು ಜನ ನಿಂತಿದ್ದಾರೆ. ಒಂದು ಕಾಗದ ಬರೆದುಕೊಡಮ್ಮ. ಗ್ರೂಪ್ ನೋಡುವಾಗ ಕಣ್ತಪ್ಪಿನಿಂದ ತಪ್ಪಾಯ್ತು ಅಂತ. ಅಷ್ಟೇ. ನಾನು ಅವರ ಹತ್ರ ಮಾತಾಡಿ ಮುಗಿಸ್ತೀನಿ. ನಿನಗೇನೂ ಆಗದ ಹಾಗೆ ನೋಡ್ಕೋತೀನಿ."

"ಇನ್ನೂ ಟೆಸ್ಟ್ ಮಾಡಿಲ್ಲ ಸಾರ್."

"ಏನು ಟೆಸ್ಟು? ಕಣ್ಣಿಗೆ ಕಾಣ್ತಿಲ್ವಾ? ರಕ್ತ ಒಡೆದಿದೆ, ಯೂರಿನ್ನಲ್ಲಿ ಬರ್ತಿದೆ. ಗ್ರೂಪ್ ತಪ್ಪಾಗಿದ್ರೆ ತಾನೇ ಹಾಗಾಗೋದು?"

"ಬೇರೆ ಕಾರಣಕ್ಕೂ ಆಗುತ್ತೆ ಸಾರ್. ಟೆಸ್ಟ್ ಮುಗಿಯೋವರೆಗೂ ನಾನು ಏನೂ ಬರೆದುಕೊಡೋದಿಲ್ಲ."

ಅವರು ನನ್ನನ್ನು ನೋಡಿದ ನೋಟ ನನಗೆ ಹೊಸದಲ್ಲ. ಕಾಲೇಜಿನ ಆಫೀಸಿನಲ್ಲಿ, ಹಾಸ್ಟೆಲ್ಲಿನ ಅರ್ಜಿ ತೆಗೆದುಕೊಳ್ಳುವ ಕಿಟಕಿಯಲ್ಲಿ ಎಷ್ಟೋ ಸಲ ನೋಡಿದ್ದೆ. ಇವಳಿಗೆ ಯಾರು ಇಷ್ಟು ಮಾತು ಕಲಿಸಿದರು ಅನ್ನುವ ನೋಟ. "ಎರಡು ಗಂಟೆ ಟೈಮು," ಅಂದು ಹೋದರು.

ಅವರು ಹೋದ ಮೇಲೆ ಅಣ್ಣ ಸ್ಟೂಲು ಎಳೆದುಕೊಂಡು ಹತ್ತಿರ ಬಂದರು. "ಬರ್ಕೊಟ್ಬುಡು ಕಣವ್ವ. ಏನ್ ಕಳ್ಕೋತೀಯ? ನಾನು ಇಂಥವು ಎಷ್ಟು ಬರ್ಕೊಟ್ಟಿಲ್ಲ! ಒಂದ್ಸಲ ಶುಗರ್ ಮಿಷನ್ನು ಕೆಟ್ಟಿದ್ರೂ ನಾನೇ ತಪ್ಪು ಒಪ್ಕಂಡಿದ್ದೆ. ಮಿಷನ್ನಿಗೆ ಬೇಜಾರಾಗ್ಬಾರ್ದು ಅಂತ."

ನಗು ಬಂತು. ಆದರೆ ಕೈ ಆಗಲೇ ಫ್ರಿಜ್ಜಿನ ಬಾಗಿಲ ಮೇಲಿತ್ತು. "ಅಣ್ಣ, ನಾನು ಗ್ರೂಪ್ ತಪ್ಪು ಅಂತ ಬರೆದುಕೊಟ್ರೆ ಆ ಹುಡುಗಿಗೆ ಮಧ್ಯಾಹ್ನ ಯಾವ ರಕ್ತ ಹಾಕ್ತಾರೆ? ಹಿಮೋಗ್ಲೋಬಿನ್ನು ಐದೈತೆ. ಇವತ್ತೇ ಇನ್ನೊಂದು ಚೀಲ ಬೇಕೇ ಬೇಕು. ಬಿ ಅಲ್ಲ ಅಂತ ಬೇರೆ ಯಾವ್ದನ್ನೋ ಹಾಕಿದ್ರೆ?"

ಅಣ್ಣ ಎದ್ದುಹೋಗಿ, ಕಾಯುತ್ತಿದ್ದ ಉಳಿದ ಸ್ಯಾಂಪಲ್ಲುಗಳನ್ನೆಲ್ಲ ತಮ್ಮ ಕಡೆಗೆ ಎಳೆದುಕೊಂಡರು. ಅದೇ ಅವರ ಉತ್ತರ.

ಮೊದಲು ಕಾಗದ ನೋಡಿದೆ. ಚೀಲದ ಮೇಲಿನ ನಂಬರು, ರಿಜಿಸ್ಟರಿನ ನಂಬರು, ಟ್ಯೂಬಿನ ಮೇಲಿನ ಹೆಸರು, ವಯಸ್ಸು, ಒಳರೋಗಿ ನಂಬರು ಎಲ್ಲ ತಾಳೆಯಾದವು. ಆಮೇಲೆ ವಾರ್ಡಿಗೆ ಹೋಗಿ ನಾನೇ ಇನ್ನೊಂದು ಕೈಯಿಂದ ಹೊಸ ಸ್ಯಾಂಪಲ್ ತೆಗೆದೆ. ಹುಡುಗಿಗೆ ಇಪ್ಪತ್ತು ದಾಟಿರಲಿಲ್ಲ. ಹಲ್ಲು ಕಡಿಯುತ್ತಿದ್ದಳು. ಪಕ್ಕದಲ್ಲಿ ಅವಳ ತಾಯಿ, ತಲೆಯ ಮೇಲೆ ಸೆರಗು ಹೊದ್ದು, ಎಳೆಗೂಸನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ಊರಿನ ರೇಷ್ಮೆ ಫಿಲೇಚರಿನಲ್ಲಿ ನೂಲು ಬಿಚ್ಚುವ ಕೆಲಸದವರು ಎಂದು ಸಿಸ್ಟರ್ ಹೇಳಿದ್ದರು. ನನ್ನನ್ನು ಕಂಡು, "ರಕ್ತ ಕೊಟ್ಟೋಳು ನೀನೇನಾ ಬೇಟಿ?" ಅಂದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. "ನನ್ನ ಮಗಳು ಉಳೀತಾಳಲ್ಲ?" ಅಂದರು. ಡಾಕ್ಟರು ನೋಡಿಕೊಳ್ಳುತ್ತಾರೆ ಎಂದಷ್ಟೇ ಹೇಳಲು ನನಗೆ ಹಕ್ಕಿತ್ತು. ಅಷ್ಟೇ ಹೇಳಿದೆ.

ಲ್ಯಾಬಿಗೆ ಬಂದು ಹೊಸ ಟ್ಯೂಬನ್ನೂ, ರಕ್ತ ಕೊಡುವ ಮುಂಚಿನ ಹಳೆಯ ಟ್ಯೂಬನ್ನೂ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದೆ. ರಕ್ತದ ಕಣಗಳು ತಳಕ್ಕೆ ಇಳಿದು ತಿಳಿ ಮೇಲೆ ನಿಂತಿತು. ಹಳೆಯದರ ತಿಳಿ ಒಣಹುಲ್ಲಿನ ಬಣ್ಣ. ಹೊಸದರ ತಿಳಿ ದಾಳಿಂಬೆ ತೊಳೆದ ನೀರು. ದೊಡ್ಡ ಡಾಕ್ಟರು ಹೇಳಿದ್ದು ಅಲ್ಲಿಯವರೆಗೆ ಸರಿ. ಅವಳ ಮೈಯೊಳಗೆ ಒಡೆದ ರಕ್ತ ಓಡಾಡುತ್ತಿತ್ತು.

ಆದರೆ ಅದು ಯಾಕೆ ಒಡೆಯಿತು?

ಗ್ರೂಪ್ ಮತ್ತೆ ನೋಡಿದೆ. ಹಳೆಯ ಟ್ಯೂಬು ಬಿ ಪಾಸಿಟಿವ್. ಹೊಸ ಟ್ಯೂಬೂ ಅದೇ, ಚೀಲದ ರಕ್ತವೂ ಅದೇ. ನನ್ನ ಕಣ್ಣನ್ನೇ ನಂಬದೆ ಅಣ್ಣನಿಗೂ ತೋರಿಸಿದೆ. ಅವರು ರಕ್ತ ಹನಿಸಿದ್ದ ಬಿಳಿ ಟೈಲನ್ನು ಬೆಳಕಿಗೆ ಹಿಡಿದು, "ಬಿ. ನಮ್ಮಪ್ಪನಾಣೆಗೂ ಬಿ," ಅಂದರು. ಹೊಂದಿಕೆಯ ಟೆಸ್ಟನ್ನೂ ಮೊದಲಿಂದ ಮಾಡಿದೆ. ಹೊಂದದಿದ್ದರೆ ಕಣಗಳು ಗಂಟು ಕಟ್ಟಬೇಕು, ಎಲ್ಲಿಯೂ ಕಟ್ಟಲಿಲ್ಲ.

ಇನ್ನು ಕೂಂಬ್ಸ್ ಟೆಸ್ಟು. ಹೊಂದದ ರಕ್ತ ಒಳಗೆ ಹೋದರೆ ಮೈಯಲ್ಲಿರುವ ರಕ್ಷಣೆಯ ಅಂಶಗಳು ಆ ಕಣಗಳಿಗೆ ಅಂಟಿಕೊಂಡು ಅವನ್ನು ಕೊಲ್ಲುತ್ತವೆ. ಹಾಗೆ ಅಂಟಿಕೊಂಡಿವೆಯೇ ಎಂದು ನೋಡುವ ಟೆಸ್ಟು ಅದು. ಕಣಗಳನ್ನು ಮೂರು ಸಲ ಉಪ್ಪುನೀರಿನಲ್ಲಿ ತೊಳೆಯಬೇಕು, ಆತುರಪಟ್ಟರೆ ಕೆಡುತ್ತದೆ. ಗಡಿಯಾರ ನೋಡದೆ ತೊಳೆದೆ. ಔಷಧಿ ಹನಿಸಿ, ತಿರುಗಿಸಿ, ಅಲ್ಲಾಡಿಸಿದೆ. ಕಣಗಳು ಹೊಗೆಯ ಹಾಗೆ ನುಣ್ಣಗೆ ಬಿಚ್ಚಿಕೊಂಡವು. ಒಂದು ಗಂಟೂ ಇಲ್ಲ. ಔಷಧಿಯೇ ಸತ್ತಿರಬಹುದು ಎಂದು ಗಂಟು ಕಟ್ಟಲೇಬೇಕಾದ ಪರೀಕ್ಷೆಯ ಕಣಗಳನ್ನು ಹಾಕಿ ನೋಡಿದೆ. ಅವು ಗಂಟು ಕಟ್ಟಿದವು. ಔಷಧಿ ಚೆನ್ನಾಗಿಯೇ ಇತ್ತು.

ಅಲ್ಲಿಗೆ ನನ್ನ ತಪ್ಪಲ್ಲ ಎಂದು ನನಗೆ ಖಾತ್ರಿಯಾಯಿತು. ಆದರೆ ನನ್ನ ತಪ್ಪಲ್ಲ ಎಂದಷ್ಟೇ ಹೇಳಿ ನಿಂತರೆ ಯಾರು ನಂಬುತ್ತಾರೆ? ಏನಾಯಿತು ಎಂದು ತೋರಿಸದಿದ್ದರೆ ಕಣ್ತಪ್ಪಿನ ಕಾಗದ ಮತ್ತೆ ನನ್ನ ಮುಂದೆಯೇ ಬಂದು ಕೂರುತ್ತಿತ್ತು.

ಚೀಲದಲ್ಲಿ ಉಳಿದ ರಕ್ತವನ್ನು ಒಂದಿಷ್ಟು ಟ್ಯೂಬಿಗೆ ತೆಗೆದು ತಿರುಗಿಸಿದೆ. ಕೀಟಾಣು ಇದೆಯೇ ಎಂದು ಸ್ಲೈಡಿಗೆ ಬಣ್ಣ ಹಾಕಿ ನೋಡಿದ್ದೆ, ಏನೂ ಕಂಡಿರಲಿಲ್ಲ. ಆದರೆ ಟ್ಯೂಬು ಹೊರಗೆ ತೆಗೆದಾಗ ತಿಳಿ ಬೀಟ್‌ರೂಟ್ ಬೇಯಿಸಿದ ನೀರಿನಂತಿತ್ತು. ರಕ್ತ ಹುಡುಗಿಯ ಮೈಯಲ್ಲಿ ಒಡೆದದ್ದಲ್ಲ. ಚೀಲದಲ್ಲೇ ಒಡೆದಿತ್ತು.

ಚೀಲ ಬರುವಾಗಲೇ ಹಾಗಿತ್ತೇ? ಅದಕ್ಕೂ ಉತ್ತರ ಫ್ರಿಜ್ಜಿನಲ್ಲಿತ್ತು. ರಕ್ತದ ಚೀಲಕ್ಕೆ ಒಂದು ಉದ್ದನೆಯ ಪ್ಲಾಸ್ಟಿಕ್ ನಳಿಕೆ ಇರುತ್ತದೆ. ಅದರಲ್ಲಿಯೂ ಅದೇ ರಕ್ತ. ಚೀಲವನ್ನು ವಾರ್ಡಿಗೆ ಕಳಿಸುವ ಮೊದಲು ಅದರ ತುಂಡುಗಳನ್ನು ಕತ್ತರಿಸಿ ಒಂದು ವಾರ ಇಟ್ಟುಕೊಳ್ಳುವುದು ಪದ್ಧತಿ. ನನಗಿಂತ ಮುಂಚೆ ಆ ಲ್ಯಾಬಿನಲ್ಲಿ ಯಾರೂ ಇಡುತ್ತಿರಲಿಲ್ಲ. ನಾನು ಇಡಲು ಶುರು ಮಾಡಿದಾಗ ಅಣ್ಣನೇ, "ಏನವ್ವ, ಫ್ರಿಜ್ಜಿನಾಗೆ ಹುಳ ಸಾಕ್ತಿದ್ದೀಯಾ?" ಎಂದು ಗೇಲಿ ಮಾಡಿದ್ದರು. ಆ ತುಂಡನ್ನು ಬಿಚ್ಚಿ ತಿರುಗಿಸಿದೆ. ಅದರ ತಿಳಿ ಒಣಹುಲ್ಲಿನ ಬಣ್ಣ.

ಎರಡು ಟ್ಯೂಬನ್ನೂ ಅಕ್ಕಪಕ್ಕ ನಿಲ್ಲಿಸಿದೆ. ಒಂದೇ ಮನುಷ್ಯನ ರಕ್ತ, ಒಂದೇ ಚೀಲದ್ದು. ಲ್ಯಾಬಿನಲ್ಲಿ ಉಳಿದದ್ದು ಚೆನ್ನಾಗಿದೆ, ವಾರ್ಡಿಗೆ ಹೋದದ್ದು ಕೆಟ್ಟಿದೆ. ಅಣ್ಣ ಬಗ್ಗಿ ನೋಡಿದರು.

"ದಾರೀಲಿ ಏನೋ ಆಗೈತೆ ಕಣವ್ವ," ಅಂದರು. "ಹೋಗಿ ಕೇಳು. ಜಗಳ ಆಡ್ಬೇಡ, ಕೇಳು."

ರಿಜಿಸ್ಟರಿನ ಪ್ರಕಾರ ಚೀಲ ಒಂಬತ್ತೂ ನಲವತ್ತಕ್ಕೆ ನಮ್ಮಿಂದ ಹೋಗಿತ್ತು. ಕೇಸ್ ಶೀಟಿನಲ್ಲಿ ರಕ್ತ ಶುರು ಮಾಡಿದ್ದು ಹತ್ತೂವರೆಗೆ ಎಂದಿತ್ತು. ನಡುವೆ ಐವತ್ತು ನಿಮಿಷ. ಸಿಸ್ಟರನ್ನು ಕೇಳಿದೆ. "ಲೇಬರ್ ರೂಮಿಗೆ ಅರ್ಜೆಂಟಾಗಿ ಕರೆದ್ರು. ಮಂಚದ ಪಕ್ಕದ ಟ್ರಾಲಿ ಮೇಲೆ ಇಟ್ಟಿದ್ದೆ. ಯಾರೂ ಮುಟ್ಟಿಲ್ಲ. ಏನೂ ಆಗಿಲ್ಲ," ಅಂದರು.

ಟ್ರಾಲಿ ನೋಡಲು ಮಂಚದ ಹತ್ತಿರ ಹೋದೆ. ಹುಡುಗಿಯ ನಡುಕ ಸ್ವಲ್ಪ ಇಳಿದಿತ್ತು. ತಾಯಿ ಮಗುವನ್ನು ಮಲಗಿಸಿ, ಆಗಷ್ಟೇ ತಂದ ಬಕೆಟ್ಟಿನ ನೀರಿನಲ್ಲಿ ಟವೆಲ್ ಅದ್ದಿ, ಹಿಂಡಿ, ಮಗಳ ಕಾಲು ಒರೆಸುತ್ತಿದ್ದರು. "ಬೇಟಿ, ಒಸಿ ಆ ಟವೆಲ್ ಹಿಂಡಿ ಕೊಡು. ಬೆಚ್ಚಗಿನ ನೀರು, ಏನೂ ಆಗಲ್ಲ," ಅಂದರು.

ಬಕೆಟ್ಟಿಗೆ ಕೈ ಹಾಕಿದೆ. ಹಾಕಿದ ಕೈಯನ್ನು ಹಾಗೇ ಎಳೆದುಕೊಂಡು ಕಿರುಚಿದೆ. ಬೆರಳು ಕೆಂಪಾಗಿಹೋಗಿತ್ತು.

"ಇದು ಬೆಚ್ಚಗಾ ಅಮ್ಮಾ?"

"ಮತ್ತೇನು? ಉಗುರುಬೆಚ್ಚಗೇ ಐತಲ್ಲ," ಎಂದು ಅವರು ಮಣಿಕಟ್ಟಿನವರೆಗೆ ಕೈ ಮುಳುಗಿಸಿ, ಆರಾಮವಾಗಿ ಟವೆಲ್ ಎತ್ತಿ ಹಿಂಡಿದರು. ಆಗ ಅವರ ಕೈಯನ್ನು ಸರಿಯಾಗಿ ನೋಡಿದೆ. ಅಂಗೈ ಬೆಳ್ಳಗೆ ದಪ್ಪಗಾಗಿತ್ತು. ಬೆರಳ ತುದಿಗಳು ಬೆಂದು, ಸುಕ್ಕಾಗಿ, ಮತ್ತೆ ಬೆಂದು ರೇಖೆಯೇ ಇಲ್ಲದಂತಾಗಿದ್ದವು. ಕುದಿವ ನೀರಿನಲ್ಲಿ ಗೂಡು ಬೇಯಿಸಿ, ಬಿಸಿ ಬೇಸಿನ್ನಿಗೆ ಕೈ ಹಾಕಿ ನೂಲಿನ ಎಳೆ ಹುಡುಕುವ ಕೈ. ಇಪ್ಪತ್ತೆರಡು ವರ್ಷ ಆ ಕೆಲಸ ಮಾಡಿದ್ದೇನೆಂದು ಆಮೇಲೆ ಹೇಳಿದರು.

ಅವರ ಪಕ್ಕ ಕೂತೆ. "ಅಮ್ಮಾ, ರಕ್ತದ ಚೀಲ ಇಲ್ಲಿತ್ತಲ್ಲ. ನೀವು ಅದನ್ನ ಏನಾದ್ರೂ ಮಾಡಿದ್ರಾ?"

ಅವರು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಎಂದೇ ಅವರಿಗೆ ಅನಿಸಿರಲಿಲ್ಲ. "ಮುಟ್ಟಿ ನೋಡ್ದೆ. ಐಸು ಐಸು ಇತ್ತು. ಹಸಿ ಬಾಣಂತಿ, ತಣ್ಣೀರು ಸಹ ಸೋಕಿಸಂಗಿಲ್ಲ. ಅಂಥೋಳ ಮೈಗೆ ಫ್ರಿಜ್ಜಿಂದು ಹಂಗೇ ಹಾಕಿದ್ರೆ ಸನ್ನಿ ಹಿಡಿಯಲ್ವಾ? ಸಿಸ್ಟರಮ್ಮನಿಗೆ ಹೇಳ್ದೆ, ತಣ್ಣಗೈತೆ ಅಂತ. 'ಬೆಚ್ಚಗಾಗ್ಲಿ ಬುಡಿ, ಡಾಕ್ಟ್ರು ಬರಾದು ಲೇಟು' ಅಂದ್ರು. ಅದಕ್ಕೇ ಬಾತ್‌ರೂಮಿಂದ ಬಿಸಿನೀರು ತಂದು, ಈ ಬಕೆಟ್ನಾಗೆ ಒಂದಿಷ್ಟು ಹೊತ್ತು ಇಟ್ಟಿದ್ದೆ. ಜಾಸ್ತಿ ಬಿಸಿ ಇರಲಿಲ್ಲ ಬೇಟಿ. ಕೈ ಹಾಕಿ ನೋಡೇ ಇಟ್ಟೆ."

ಅವರ ಹಿಂದೆ ನಿಂತಿದ್ದ ಸಿಸ್ಟರ ಮುಖದ ಬಣ್ಣ ಹೋಯಿತು. "ನಾನು ಅಲ್ಲೇ ಇರ್ಲಿ, ತಾನಾಗೇ ಬೆಚ್ಚಗಾಗ್ಲಿ ಅಂದಿದ್ದು ಕಣಮ್ಮ," ಎಂದು ನನ್ನ ಕಿವಿಯಲ್ಲಿ ಹೇಳಿದರು. ಸುಳ್ಳಲ್ಲ. ತಾಯಿ ಹೇಳಿದ್ದೂ ಸುಳ್ಳಲ್ಲ. ಇನ್ನೊಂದು ನಿಜವೂ ಇತ್ತು. ಚೀಲವನ್ನು ಬಿಸಿ ಮಾಡಬಾರದು, ಅರ್ಧ ಗಂಟೆಯೊಳಗೆ ಶುರು ಮಾಡದಿದ್ದರೆ ವಾಪಸ್ಸು ಕಳಿಸಬೇಕು ಎಂದು ನಾನೂ ಯಾರಿಗೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡಿದ್ದೆ. ಓದಿದವರು ಮಾಡುವ ತಪ್ಪು ಅದು.

ತಾಯಿಗೆ ನಿಧಾನವಾಗಿ ಅರ್ಥವಾಯಿತು. ಬಕೆಟ್ಟನ್ನು ನೋಡಿದರು, ಮಗಳನ್ನು ನೋಡಿದರು. "ಯಾ ಅಲ್ಲಾ, ನನ್ನ ಕೈಯಾರೆ ಬೇಯಿಸಿಬಿಟ್ನಾ?" ಅಂದರು. ನಾನು ಅವರ ಕೈ ಹಿಡಿದುಕೊಂಡೆ. ಹಿಡಿದರೆ ಮರದ ಹಲಗೆ ಹಿಡಿದಂತಿತ್ತು.

ಲ್ಯಾಬಿಗೆ ಬಂದು ರಿಪೋರ್ಟ್ ಬರೆದೆ. ಗ್ರೂಪ್ ಸರಿಯಿದೆ, ಹೊಂದಿಕೆ ಸರಿಯಿದೆ, ಕೂಂಬ್ಸ್ ಟೆಸ್ಟಿನಲ್ಲಿ ಏನೂ ಇಲ್ಲ. ಚೀಲದ ರಕ್ತ ಬಿಸಿಗೆ ಒಡೆದಿದೆ, ನಳಿಕೆಯ ರಕ್ತ ಒಡೆದಿಲ್ಲ. ಚೀಲ ಐವತ್ತು ನಿಮಿಷ ರೋಗಿಯ ಪಕ್ಕದಲ್ಲಿತ್ತು, ನೋಡಿಕೊಳ್ಳುವವರು ಇರಲಿಲ್ಲ. ರೋಗಿಯ ತಾಯಿ ಅದನ್ನು ಬಿಸಿನೀರಿನಲ್ಲಿ ಇಟ್ಟಿದ್ದರು, ಇಡಬಾರದೆಂದು ವಾರ್ಡಿನವರಾಗಲಿ ಲ್ಯಾಬಿನವರಾಗಲಿ ಅವರಿಗೆ ಹೇಳಿರಲಿಲ್ಲ. ಮುಂದಿನ ಚೀಲವೂ ಬಿ ಪಾಸಿಟಿವ್ ಕೊಡಬಹುದು. ಇಷ್ಟು. ಕಾರ್ಬನ್ ಇಟ್ಟು ಮೂರು ಪ್ರತಿ ಮಾಡಿದೆ. ಒಂದನ್ನು ಹುಡುಗಿಯ ಕೇಸ್ ಶೀಟಿಗೆ ಸೇರಿಸಿದೆ. ಇನ್ನೊಂದನ್ನು ಕೆಟ್ಟ ಚೀಲದ ಜೊತೆ ಐಸ್ ಬಾಕ್ಸಿನಲ್ಲಿಟ್ಟು, ರಕ್ತ ಕೊಟ್ಟಿದ್ದ ಬೆಂಗಳೂರಿನ ಬ್ಲಡ್ ಬ್ಯಾಂಕಿಗೆ ಆಸ್ಪತ್ರೆಯ ಆಂಬುಲೆನ್ಸಿನಲ್ಲಿ ಕಳಿಸಿದೆ. ಹೀಗಾದಾಗ ಅವರಿಗೆ ಚೀಲ ವಾಪಸ್ಸು ಕಳಿಸಬೇಕೆಂಬುದು ನಿಯಮ. ಅದನ್ನೂ ಅಲ್ಲಿಯವರೆಗೆ ಯಾರೂ ಪಾಲಿಸಿರಲಿಲ್ಲ.

ಎರಡು ಗಂಟೆ ಮುಗಿದಿತ್ತು. ದೊಡ್ಡ ಡಾಕ್ಟರು ಬಂದು ಮೂರನೆಯ ಪ್ರತಿ ಓದಿದರು. ಓದುತ್ತಾ ಓದುತ್ತಾ ಮುಖ ಸಡಿಲವಾಯಿತು. "ಭೇಷ್! ಅಂದ್ರೆ ಆ ಹೆಂಗಸೇ ಮಾಡಿರೋದು. ನೀನು ಬದುಕಿದೆ, ನಾನೂ ಬದುಕಿದೆ. ಈ ಐವತ್ತು ನಿಮಿಷ, ಹೇಳಿರಲಿಲ್ಲ ಗೀಳಿರಲಿಲ್ಲ ಅನ್ನೋದನ್ನೆಲ್ಲ ತೆಗೆದು ಬೇರೆ ಬರಿ. ನಮ್ಮವರ ಕಣ್ಣು ತಪ್ಪಿಸಿ ಬಿಸಿ ಮಾಡಿದರು ಅಂತ ಹಾಕು. ಆಕೆ ಹತ್ರ ಕೆಳಗೆ ಒಂದು ಹೆಬ್ಬೆಟ್ಟು ತಗೋ."

ಬೆಳಿಗ್ಗೆ ನನ್ನ ಸಹಿ ಕೇಳಿದ್ದ ಮನುಷ್ಯ ಈಗ ಅವರ ಹೆಬ್ಬೆಟ್ಟು ಕೇಳುತ್ತಿದ್ದರು. ಓದಲು ಬಾರದವರ ಹೆಬ್ಬೆಟ್ಟು ಎಷ್ಟು ಸುಲಭವಾಗಿ ಸಿಗುತ್ತದೆ ಎಂದು ನನಗೆ ಗೊತ್ತು. ನಮ್ಮಪ್ಪ ಎಷ್ಟೋ ಕಾಗದಕ್ಕೆ ಒತ್ತಿದ್ದಾರೆ. ಒಂದರಲ್ಲೂ ಏನಿತ್ತು ಎಂದು ಅವರಿಗೆ ಗೊತ್ತಿಲ್ಲ.

"ಅವರ ಬೆರಳಲ್ಲಿ ರೇಖೆ ಇಲ್ಲ ಸಾರ್. ಹೆಬ್ಬೆಟ್ಟು ಮೂಡೋದಿಲ್ಲ," ಅಂದೆ. "ನಾನು ಬೇರೆ ಬರೆಯೋದೂ ಇಲ್ಲ. ಕಣ್ಣು ತಪ್ಪಿಸಿ ಮಾಡಿಲ್ಲ ಅವರು. ಮಗಳು ಉಳೀಲಿ ಅಂತ ಎಲ್ಲರ ಎದುರಿಗೇ ಮಾಡಿದ್ದಾರೆ. ಬೇಡ ಅನ್ನೋಕೆ ಅಲ್ಲಿ ನಾವು ಯಾರೂ ಇರಲಿಲ್ಲ."

"ಹಾಗಾದ್ರೆ ಈ ಕಾಗದ ಹರಿ."

"ಹರೀಬಹುದು ಸಾರ್. ಇನ್ನೊಂದು ಪ್ರತಿ ಚೀಲದ ಜೊತೆ ಬ್ಲಡ್ ಬ್ಯಾಂಕಿಗೆ ಹೋಯ್ತು. ಆಂಬುಲೆನ್ಸು ಈಗ ಕೆಂಗೇರಿ ದಾಟಿರುತ್ತೆ."

ಅಣ್ಣ ಮೈಕ್ರೋಸ್ಕೋಪಿನ ಮೇಲೆ ಇನ್ನಷ್ಟು ಬಗ್ಗಿದರು. ಭುಜ ಕುಲುಕುತ್ತಿತ್ತು.

"ನಾಳೆಯಿಂದ ಬರಬೇಡ," ಅಂದರು ದೊಡ್ಡ ಡಾಕ್ಟರು.

"ಇವತ್ತಿನ ಕೆಲಸ ಇನ್ನೂ ಮುಗಿದಿಲ್ಲ ಸಾರ್," ಅಂದೆ. ಅಣ್ಣನ ಕಡೆ ಉಳಿದಿದ್ದ ಸ್ಯಾಂಪಲ್ಲುಗಳಲ್ಲಿ ಅರ್ಧವನ್ನು ನನ್ನ ಕಡೆಗೆ ಎಳೆದುಕೊಂಡೆ.

ನಾಲ್ಕು ಗಂಟೆಗೆ ಬ್ಲಡ್ ಬ್ಯಾಂಕಿನ ಡಾಕ್ಟರು ದೊಡ್ಡ ಡಾಕ್ಟರಿಗೆ ಫೋನು ಮಾಡಿದರು. ಚೀಲ ನೋಡಿದ್ದೇನೆ, ನಿಮ್ಮ ಹುಡುಗಿ ಬರೆದದ್ದು ಸರಿ, ಎರಡನೆಯದನ್ನು ಧೈರ್ಯವಾಗಿ ಕೊಡಿ ಎಂದರಂತೆ. ಎರಡನೆಯ ಚೀಲವನ್ನು ನಾನೇ ವಾರ್ಡಿಗೆ ಒಯ್ದೆ. ತಾಯಿ ಎದ್ದು ನಿಂತು ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡರು. "ಬಚ್ಚಿಡಬೇಡಿ ಅಮ್ಮ, ಮುಟ್ಟಿ ನೋಡಿ. ತಣ್ಣಗೇ ಇರುತ್ತೆ. ಹನಿ ಹನಿಯಾಗಿ ಹೋಗ್ತಾ ಹೋಗ್ತಾ ನಿಮ್ಮ ಮಗಳ ಮೈಯೇ ಅದನ್ನ ಬೆಚ್ಚಗೆ ಮಾಡ್ಕೊಳ್ಳುತ್ತೆ," ಅಂದೆ. ಒಂದು ಬೆರಳಿನಿಂದ ಮುಟ್ಟಿದರು. ಸಿಸ್ಟರ್ ಆ ಸಂಜೆ ಮಂಚ ಬಿಟ್ಟು ಅಲ್ಲಾಡಲಿಲ್ಲ. ಚೀಲ ಪೂರ್ತಿ ಹೋಯಿತು. ಚಳಿ ಬರಲಿಲ್ಲ. ಹುಡುಗಿಯ ಮೂತ್ರ ತಿಳಿಯಾಗಲು ಎರಡು ದಿನ ಹಿಡಿಯಿತು.

ಮಾರನೆಯ ದಿನ ಎಂಟೂವರೆಗೆ, ದಿನಾ ಹೋಗುವ ಹೊತ್ತಿಗೆ, ಆಸ್ಪತ್ರೆಗೆ ಹೋದೆ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮೇಲೆ ಕೆಂಪು ಗೆರೆ ಎಳೆದಿದ್ದರು. ಲ್ಯಾಬಿನ ಮುಂದೆ ನಾಲ್ಕು ಮಂದಿ ಕಾಯುತ್ತಿದ್ದರು. ಮೂರು ಕ್ರಾಸ್ ಮ್ಯಾಚ್ ಬಾಕಿ ಇದ್ದವು. ಅಣ್ಣ ಬಾಗಿಲಲ್ಲಿ ಕೈಕಟ್ಟಿ ನಿಂತು ಗುಮಾಸ್ತನಿಗೆ ಹೇಳುತ್ತಿದ್ದರು: "ನಾನು ರಕ್ತ ಹೊಂದ್ಸಲ್ಲಪ್ಪ. ನಂಗೆ ಕಣ್ಣು ಮಂಜು. ಆಯಮ್ಮನೇ ಬರ್ಬೇಕು ಅಂತ ಹೋಗಿ ಹೇಳು ನಿಮ್ಮ ಸಾಹೇಬ್ರಿಗೆ."

ಗುಮಾಸ್ತ ಒಳಗೆ ಹೋಗಿ ಬಂದು ಹಾಜರಿ ಪುಸ್ತಕವನ್ನು ನನ್ನ ಮುಂದೆ ಇಟ್ಟ. ಏನು ಮಾತಾಯಿತೋ ನನಗೆ ಗೊತ್ತಿಲ್ಲ, ಇವತ್ತಿಗೂ ಯಾರೂ ಹೇಳಿಲ್ಲ. ನಾನು ಕೆಂಪು ಗೆರೆಯ ಕೆಳಗೆ ನನ್ನ ಹೆಸರನ್ನು ಮತ್ತೆ ಪೂರ್ತಿ ಬರೆದು, ಕೋಟು ಹಾಕಿಕೊಂಡು ಮೊದಲನೆಯ ಟ್ಯೂಬು ಎತ್ತಿಕೊಂಡೆ.